ದೀಪಕ್ಕೂ ಒಂದು ಸೆರಗು

ಹಂಪಸಾಗರದಲ್ಲಿ ನಾವು ಹೊಸ ಮನೆಯ ಪ್ರವೇಶ ಮಾಡಿ ಒಂದು ವಾರ ಕಳೆದಿತ್ತು. ಪಡಸಾಲೆಯ ಚಾವಣಿಗೆ ನಾಲ್ಕು ಬಿಳಿಯ ಎಲ್.ಇ.ಡಿ. ದೀಪಗಳನ್ನು ಕೂಡಿಸಿ, ಓಣಿಯಲ್ಲಿ ನಮ್ಮಷ್ಟು ಬೆಳಕಿನ ಮನೆ ಇನ್ನೊಂದಿಲ್ಲವೆಂದು ನಾನು ಹಿಗ್ಗುತ್ತಿದ್ದೆನು. ಆದರೆ ಸಂಜೆಯಾಯಿತೆಂದರೆ ನನ್ನ ತಾಯಿಯವರು ರೇಡಿಯೋ ಇರುವ ಪಡಸಾಲೆಯನ್ನು ಬಿಟ್ಟು, ಅಡಿಗೆಮನೆಯ ಹೊಸ್ತಿಲ ಬಳಿ ಹೋಗಿ ಕೂಡುವರು. ಕಾರಣ ಕೇಳಿದರೆ, "ಕಣ್ಣಿಗೆ ಚುಚ್ಚತೈತಿ ತಮ್ಮಾ. ಆ ದೀಪಕ್ಕೊಂದು ಸೆರಗು ಹೊದಿಸು" ಎಂದರು. ಬಹುಕಾಲ ಮಕ್ಕಳಿಗೆ ವ್ಯಾಕರಣ ಹೇಳಿದ ನನಗೆ ದೀಪವನ್ನು ಕುರಿತ ಮೊದಲ ಪಾಠ ಹೀಗೆ ಆಯಿತು.

ನೀವೂ ಹೊಸ ಮನೆ ಕಟ್ಟಿಸುತ್ತಿರಬಹುದು. ಇಲ್ಲವೆ ಹಳೆಯ ಮನೆಗೆ ಸುಣ್ಣಬಣ್ಣ ಮಾಡಿಸಿ, ದೀಪಗಳನ್ನು ಕೊಳ್ಳಲು ಹಗರಿಬೊಮ್ಮನಹಳ್ಳಿಗೋ ಹೊಸಪೇಟೆಗೋ ಹೊರಟಿರಬಹುದು. ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಒಂದು ಮಾತನ್ನು ನೆನಪಿನಲ್ಲಿಡಿರಿ: ದೀಪವು ತಾನು ಕಾಣಿಸಿಕೊಳ್ಳಲು ಇರುವುದಲ್ಲ, ಉಳಿದುದನ್ನು ನಮಗೆ ಕಾಣಿಸಿಕೊಡಲು ಇರುವುದು.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಈ ಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಗೋಡೆಯೊಳಗೆ ಗೂಡು ಬಿಟ್ಟು, ಹಣತೆಯನ್ನೋ ಚಿಮಣಿಯನ್ನೋ ಅದರಲ್ಲಿ ಇಡುತ್ತಿದ್ದರು. ಗೂಡು ಗಾಳಿಯನ್ನು ತಡೆಯುವುದಲ್ಲದೆ, ಪಕ್ಕದಲ್ಲಿ ಕುಳಿತವರ ಕಣ್ಣಿಗೆ ದೀಪದ ಕುಡಿಯನ್ನು ಮರೆಮಾಡುತ್ತಿತ್ತು. ಸುಣ್ಣ ಬಳಿದ ಅದರ ಒಳಮೈ ಬೆಳಕನ್ನು ತಿರುಗಿಸಿ ಕೋಣೆಗೆ ಕಳಿಸುತ್ತಿತ್ತು. ಗಾಳಿಯ ಮಾತೊಂದನ್ನು ಬಿಟ್ಟರೆ ಇಂದಿನ ಲ್ಯಾಂಪ್ ಶೇಡ್ ಮಾಡತಕ್ಕ ಕೆಲಸವೂ ಇಷ್ಟೇ: ಉರಿಯನ್ನು ಮರೆಸುವುದು, ಬೆಳಕನ್ನು ಬೇಕಾದ ಕಡೆಗೆ ತಿರುಗಿಸುವುದು.

ಮುಂದೆ ಕಾಲ ಬದಲಾಯಿತು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಅದರ ಬುಡದಲ್ಲಿ ವಿದ್ಯುದಾಗಾರ ಎದ್ದಿತು. ಅದರ ಹಿನ್ನೀರಿನಲ್ಲಿ ಅನೇಕ ಹಳ್ಳಿಗಳು, ಆ ಹಳ್ಳಿಗಳ ದೀಪದ ಗೂಡುಗಳೂ ಮುಳುಗಿದುವು. ಈ ಸೀಮೆಯವರು ಬೆಳಕಿಗೆ ಬೆಲೆ ತೆತ್ತವರು. ಅದನ್ನು ಬರಿದೆ ಕಣ್ಣು ಕುಕ್ಕಿಸಿಕೊಳ್ಳುವುದಕ್ಕೆ ಸುರಿಯುವುದು ನ್ಯಾಯವಲ್ಲ.

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಹಣತೆಗೆ ಸಲ್ಲತಕ್ಕದ್ದು. ವಿದ್ಯುತ್ ಬುರುಡೆಯು ತಲೆಕೆಳಗಾಗಿ ತೂಗಿದಂದಿನಿಂದ ಗಾದೆಯೂ ತಲೆಕೆಳಗಾಯಿತು. ಹಾಗಾದರೆ ಕತ್ತಲೆ ಎಲ್ಲಿಗೆ ಹೋಯಿತು? ನಾವು ಮಾಡುವ ಕೆಲಸದ ಮೇಲಕ್ಕೇ ಬಂದಿತು. ಚಾವಣಿಯ ನಡುವೆ ಒಂದೇ ದೀಪವಿದ್ದರೆ, ಗೋಡೆಗೆ ಮುಖಮಾಡಿ ಓದುವ ಹುಡುಗನ ನೆರಳು ಅವನ ಪುಸ್ತಕದ ಮೇಲೆ, ಒಲೆಯ ಮುಂದೆ ನಿಂತವರ ನೆರಳು ಪಾತ್ರೆಯ ಮೇಲೆ ಬೀಳುತ್ತದೆ. ಮೇಲಾಗಿ, ಬುರುಡೆಯಿಂದ ಒಂದು ಮೀಟರು ದೂರದಲ್ಲಿ ಬೀಳುವ ಬೆಳಕು ಎರಡು ಮೀಟರಿಗೆ ಕಾಲು ಪಾಲಾಗುವುದು; ಮೂರು ಮೀಟರಿಗೆ ಒಂಬತ್ತರಲ್ಲೊಂದು ಪಾಲಾಗುವುದು. ಆದುದರಿಂದ ಮೇಲೆ ಎತ್ತರದಲ್ಲಿ ಉರಿಯುವ ದೊಡ್ಡ ದೀಪಕ್ಕಿಂತ, ಕೆಲಸದ ಹತ್ತಿರ ಇರುವ ಸಣ್ಣ ದೀಪವೇ ಮೇಲು.

ಇನ್ನು ವಯಸ್ಸಾದವರ ಮಾತು. ವಯಸ್ಸಿನೊಡನೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಮಬ್ಬಾಗುತ್ತದೆ. 20ರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ 60ರ ಕಣ್ಣಿಗೆ ದಕ್ಕುವುದು. ಹಾಗಾದರೆ ಅವರಿಗೆ ಬೆಳಕು ಹೆಚ್ಚಬೇಕಲ್ಲವೆ ಎನ್ನುವಿರಿ. ಹೆಚ್ಚಬೇಕು, ನಿಜ, ಆದರೆ ಬತ್ತಲೆ ದೀಪ ಎದುರಿಗಿದ್ದರೆ ಆ ಮಬ್ಬಾದ ಮಸೂರವೇ ಬೆಳಕನ್ನು ಕಣ್ಣೊಳಗೆಲ್ಲ ಚೆದರಿಸಿ, ನೋಡಬೇಕಾದ ವಸ್ತುವಿಗೆ ಮಂಜು ಕವಿಸುತ್ತದೆ. ಹೊಸ್ತಿಲನ್ನು ಎಡವುವುದು ಕತ್ತಲೆಯಲ್ಲಿ ಮಾತ್ರವಲ್ಲ, ಇಂಥ ಬೆಳಕಿನಲ್ಲಿಯೂ ಉಂಟು. ಹಿರಿಯರಿಗೆ ಬೇಕಾದುದು ಧಾರಾಳವಾದ ಬೆಳಕು ಮತ್ತು ಮರೆಯಲ್ಲಿರುವ ದೀಪ. ನನ್ನ ತಾಯಿಯವರ ಮಾತಿನ ಅರ್ಥ ಇದೇ.

ಈಗ ಮನೆಯೊಳಗೆ ಒಂದು ಸುತ್ತು ಬರೋಣ. ಪಡಸಾಲೆಯಲ್ಲಿ ಬೆಳಕನ್ನು ಗೋಡೆಗೂ ಚಾವಣಿಗೂ ಬಿಟ್ಟು, ಅಲ್ಲಿಂದ ತಿರುಗಿ ಬರುವಂತೆ ಮಾಡಿರಿ. ಸುಣ್ಣದ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಕೊಡುವುದು. ಕಡುನೀಲಿಯ ಗೋಡೆ ಅದನ್ನು ನುಂಗಿಬಿಡುವುದು. ಓದುವ ಮೇಜಿನ ದೀಪ, ಬಲಗೈಯಲ್ಲಿ ಬರೆಯುವವರಿಗೆ ಎಡಗಡೆ ಇರಲಿ. ಅದರ ಶೇಡಿನ ಕೆಳಗಣ ಅಂಚು ಕುಳಿತವರ ಕಣ್ಣಿನ ಮಟ್ಟಕ್ಕೆ ಬರಲಿ. ಅದಕ್ಕಿಂತ ಮೇಲಾದರೆ ಬುರುಡೆ ಕಣ್ಣಿಗೆ ಬೀಳುವುದು. ಬಹಳ ಕೆಳಗಾದರೆ ಪುಟದ ಅರ್ಧಕ್ಕೆ ಮಾತ್ರ ಬೆಳಕು. ಅಡಿಗೆಮನೆಯಲ್ಲಿ ಕಟ್ಟೆಯ ಮೇಲಿನ ಹಲಗೆಯ ಅಡಿಗೆ, ನಿಂತವರ ಮುಂಭಾಗದಲ್ಲಿ ದೀಪ ಬೇಕು. ಬಚ್ಚಲಿಗೆ ಹೋಗುವ ದಾರಿಯಲ್ಲಿ ಮೊಣಕಾಲೆತ್ತರಕ್ಕೆ ಒಂದು ಪುಟ್ಟ ದೀಪವಿದ್ದರೆ ರಾತ್ರಿ ಏಳುವ ಹಿರಿಯರಿಗೆ ದೊಡ್ಡ ಉಪಕಾರ.

ಶೇಡನ್ನು ಆರಿಸುವಾಗ ಅಂಗಡಿಯವರಿಂದ ಬುರುಡೆ ಹಚ್ಚಿಸಿಯೇ ನೋಡಿರಿ. ಹಾಲುಗಾಜಿನ ಗೋಳ ಎಲ್ಲ ಕಡೆಗೂ ಮೆತ್ತಗೆ ಬೆಳಕು ಬೀರುವುದು. ಹಿತ್ತಾಳೆ, ತಗಡಿನ ಶೇಡು ಬೆಳಕನ್ನು ಕೆಳಕ್ಕೆ ಮಾತ್ರ ಕಳಿಸುವುದು. ಓದಿಗೆ, ಹೊಲಿಗೆಗೆ ಅದು ಸರಿ. ತೆಳ್ಳನೆಯ ಹತ್ತಿ ಬಟ್ಟೆಯದು ತಾನೂ ಹೊಳೆದು, ಮೇಲಕ್ಕೂ ಕೆಳಕ್ಕೂ ಬೆಳಕು ಬಿಡುವುದರಿಂದ ಪಡಸಾಲೆಗೆ ಒಪ್ಪುತ್ತದೆ. ಬಿದಿರು, ಬೆತ್ತದ ಹೆಣಿಗೆಯದು ಗೋಡೆಯ ಮೇಲೆ ನೆರಳಿನ ರಂಗೋಲಿ ಬಿಡಿಸುವುದು. ಅಂಕಣಕ್ಕೆ ಚೆಂದ, ಪುಸ್ತಕಕ್ಕೆ ಸಲ್ಲದು. ಕೆಂಪು ಬಟ್ಟೆಯ ಶೇಡಿನ ಕೆಳಗೆ ಅನ್ನವೂ ಕೆಂಪು, ಮುಖವೂ ಕೆಂಪು. ಹೊರಬಣ್ಣ ಯಾವುದಾದರೂ ಇರಲಿ, ಒಳಮೈ ಬಿಳಿಯಾಗಿರಲಿ. ನಮ್ಮ ಕಡೆಯ ಧೂಳಂತೂ ನಿಮಗೆ ತಿಳಿದೇ ಇದೆ. ಒರೆಸಲು ಬಾರದ ಶೇಡು ಬೇಗನೆ ಮಂಕಾಗುವುದು.

ಶೇಡಿನ ಗುಟ್ಟನ್ನು ಚೆನ್ನಾಗಿ ಬಲ್ಲವರು ತೊಗಲುಗೊಂಬೆ ಆಡಿಸುವವರು. ದೀಪ ಪರದೆಯ ಹಿಂದೆ. ಪ್ರೇಕ್ಷಕರ ಕಣ್ಣಿಗೆ ಬೀಳುವುದು ಹೊಳೆಯುವ ಗೊಂಬೆ ಮಾತ್ರ. ಬಳ್ಳಾರಿ ಜಿಲ್ಲೆಗೆ ತಾಗಿದ ಆಂಧ್ರದ ಸೀಮೆಯಲ್ಲಿ, ಧರ್ಮಾವರದ ಬಳಿ ನಿಮ್ಮಲಕುಂಟ ಎಂಬ ಹಳ್ಳಿಯುಂಟು. ಆಟ ನೋಡುವವರು ಕಡಿಮೆಯಾದಾಗ ಅಲ್ಲಿಯ ಗೊಂಬೆಯವರು ಅದೇ ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಉಳಿಯಿಂದ ಚುಕ್ಕಿ ಕೊರೆದು, ಬಣ್ಣ ಬರೆದು ದೀಪದ ಶೇಡುಗಳನ್ನು ಮಾಡತೊಡಗಿದರು. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಹಗಲು ಮಂಕಾಗಿ ತೋರುವ ಆ ಶೇಡಿನ ಹನುಮಂತನು ಸಂಜೆ ಗುಂಡಿ ಒತ್ತಿದೊಡನೆ ಜೀವ ತಳೆಯುವನು. ಮನೆಯ ಅಲಂಕಾರಕ್ಕೆಂದು ನಾಲ್ಕು ಕಾಸು ಖರ್ಚು ಮಾಡುವುದಾದರೆ ಇಂಥ ಕೈಗಳಿಗೆ ಅದು ಸಲ್ಲಲಿ. ಆದರೆ ತೊಗಲಿಗೆ ಕಾವು ಆಗದು, ಅದರೊಳಗೆ ಎಲ್.ಇ.ಡಿ. ಬುರುಡೆಯನ್ನೇ ಹಾಕಿರಿ.

ಏಕೆಂದರೆ ಹಳೆಯ ತಂತಿಬುರುಡೆ ತಾನು ಪಡೆದ ವಿದ್ಯುತ್ತಿನಲ್ಲಿ ನೂರಕ್ಕೆ ಐದರಷ್ಟನ್ನು ಮಾತ್ರ ಬೆಳಕಾಗಿಸಿ, ಉಳಿದುದನ್ನು ಕಾವಾಗಿ ಬಿಡುತ್ತದೆ. ಕಾಗದ, ಬಟ್ಟೆಗಳಿಗೆ ಅದು ತಾಗಿದರೆ ಅಪಾಯ. ಎಲ್.ಇ.ಡಿ.ಗೂ ಬುಡದಲ್ಲಿ ಕಾವು ಉಂಟು. ಗಾಳಿಯಾಡದ ಗೋಳದಲ್ಲಿ ಅದರ ಆಯುಸ್ಸು ಕುಗ್ಗುವುದು. ಕೊಳ್ಳುವಾಗ ವ್ಯಾಟ್ ಒಂದನ್ನೇ ಕೇಳಬೇಡಿ. ಡಬ್ಬಿಯ ಮೇಲೆ ಲ್ಯೂಮೆನ್ ಎಂದು ಬರೆದಿರುವುದು ಬೆಳಕಿನ ಅಳತೆ: 60 ವ್ಯಾಟಿನ ತಂತಿಬುರುಡೆಯ ಸುಮಾರು 800 ಲ್ಯೂಮೆನ್ ಬೆಳಕನ್ನು 9 ವ್ಯಾಟಿನ ಎಲ್.ಇ.ಡಿ. ಕೊಡುತ್ತದೆ. ಕೆಲ್ವಿನ್ ಎಂಬುದು ಬೆಳಕಿನ ಬಣ್ಣವನ್ನು ಹೇಳುತ್ತದೆ: 2700ರಿಂದ 3000 ಆದರೆ ದೀಪದ ಹಳದಿ, 6500 ಆದರೆ ನೀಲಿ ಬೆರೆತ ಬಿಳುಪು. ಕೂಡುವ, ಮಲಗುವ ಕೋಣೆಗಳಿಗೆ ಹಳದಿಯೇ ಹಿತ.

ಕಡೆಯದಾಗಿ ಒಂದು ಪರೀಕ್ಷೆ. ಇಂದು ಸಂಜೆ ದೀಪ ಹಚ್ಚಿದ ಮೇಲೆ, ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಕೂಡುವ ಜಾಗದಲ್ಲಿ ನೀವು ಕುಳಿತು ನೋಡಿರಿ. ಬುರುಡೆ ನೇರವಾಗಿ ಕಣ್ಣಿಗೆ ಬಿದ್ದರೆ ಅದಕ್ಕೊಂದು ಮರೆ ಬೇಕೆಂದು ತಿಳಿಯಿರಿ. ನಮ್ಮಲ್ಲಿ ಈಗ ಚಾವಣಿಯ ನಾಲ್ಕು ದೀಪಗಳು ನೆಂಟರು ಬಂದಾಗ ಮಾತ್ರ ಉರಿಯುತ್ತವೆ. ಮೂಲೆಯಲ್ಲಿ ಬಿಳಿಯ ಹತ್ತಿ ಬಟ್ಟೆಯ ಶೇಡಿನ ಒಂದು ದೀಪ. ಅದರ ಪಕ್ಕದಲ್ಲಿ ರೇಡಿಯೋ. ಸಂಜೆಯ ವಾರ್ತೆಯ ಹೊತ್ತಿಗೆ ತಾಯಿಯವರು ಅಡಿಗೆಮನೆಯ ಹೊಸ್ತಿಲನ್ನು ಬಿಟ್ಟು ಬಂದು ಅಲ್ಲಿಯೇ ಕೂಡುತ್ತಾರೆ.