ಸ್ಥಿರಬಿಂದುಗಳ ಎಣಿಕೆ

ಬೀದರ ಜಿಲ್ಲೆಯ ಭೂಪಟವೊಂದನ್ನು ಹುಮನಾಬಾದಿನ ಶಾಲೆಯೊಂದರ ನೆಲದ ಮೇಲೆ ಹಾಸಿದೆವೆಂದು ಭಾವಿಸೋಣ. ಅದರಲ್ಲಿ ಬಸವಕಲ್ಯಾಣವನ್ನು ಸೂಚಿಸುವ ಚುಕ್ಕೆಯು ನಿಜವಾದ ಬಸವಕಲ್ಯಾಣದ ಮೇಲೆ ಇರಲಾರದು; ಆ ಊರು ಪಶ್ಚಿಮಕ್ಕೆ 20 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಆದರೂ ಭೂಪಟದ ಒಂದೇ ಒಂದು ಬಿಂದು ತಾನು ಸೂಚಿಸುವ ಸ್ಥಳದ ಮೇಲೆಯೇ ಕುಳಿತಿರುತ್ತದೆ. ಭೂಪಟವನ್ನು ಹೇಗೆ ತಿರುಗಿಸಿ ಹಾಸಿದರೂ ಅಂಥ ಬಿಂದು ತಪ್ಪುವುದಿಲ್ಲ. ಹೀಗೆ ನೆಲೆ ಬದಲಿಸದ ಬಿಂದುವಿಗೆ ಸ್ಥಿರಬಿಂದುವೆಂದು ಹೆಸರು.

ಸಂಖ್ಯೆಗಳಲ್ಲಿಯೂ ಇಂಥ ಬಿಂದುಗಳುಂಟು. ಬಹುಪದೋಕ್ತಿಯು ಒಂದು ಸಂಖ್ಯೆಯನ್ನು ಮತ್ತೊಂದಕ್ಕೆ ಒಯ್ಯುತ್ತದೆ. 'ಅ³ + 6' ಎಂಬುದರಲ್ಲಿ ಅ = 1 ಆದರೆ 7 ದೊರೆಯುತ್ತದೆ; ಅ = –2 ಆದರೆ –8 + 6, ಅಂದರೆ ಪುನಃ –2. ಆದ್ದರಿಂದ –2 ಇದರ ಸ್ಥಿರಬಿಂದು. ಹಾಗಾದರೆ 'ಅ³ + 1' ಎಂಬುದಕ್ಕೆ ಸ್ಥಿರಬಿಂದುವಾಗುವ ಪೂರ್ಣಾಂಕ ಇದೆಯೆ? ಪೂರ್ಣಾಂಕಗಳು ಅನಂತ, ಒಂದೊಂದನ್ನೇ ಪರೀಕ್ಷಿಸುತ್ತ ಹೋದರೆ ಆಯುಷ್ಯ ಸಾಲದು.

ಇಲ್ಲಿ ಶೇಷಗಳು ನೆರವಾಗುತ್ತವೆ. ಶೇಷಗಳ ವಿಚಾರ ಈ ನಾಡಿಗೆ ಹೊಸದಲ್ಲ. ಹುಮನಾಬಾದಿಗೆ ದಕ್ಷಿಣದಲ್ಲಿರುವ ಮಳಖೇಡವನ್ನು ರಾಜಧಾನಿಯಾಗಿ ಹೊಂದಿದ್ದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಶೇಷಗಳಿಂದ ಸಂಖ್ಯೆಯನ್ನು ಕಂಡುಹಿಡಿಯುವ ಕುಟ್ಟೀಕಾರವನ್ನು ವಿವರಿಸಿದ್ದಾನೆ.

ಅ³ – ಅ ಎಂಬುದು (ಅ – 1), ಅ, (ಅ + 1) ಎಂಬ ಮೂರು ಅನುಕ್ರಮ ಸಂಖ್ಯೆಗಳ ಗುಣಲಬ್ಧ. ಅವುಗಳಲ್ಲಿ ಒಂದು 3ರ ಅಪವರ್ತ್ಯವಾಗಿರಲೇಬೇಕು. ಆದಕಾರಣ ಘನ ಮಾಡಿದರೂ 3ರಿಂದ ಭಾಗಿಸಿದಾಗಿನ ಶೇಷ ಬದಲಾಗುವುದಿಲ್ಲ. 1ನ್ನು ಕೂಡಿಸಿದೊಡನೆ ಬದಲಾಗುತ್ತದೆ. ಶೇಷವೇ ಬದಲಾದ ಮೇಲೆ ಸಂಖ್ಯೆ ನಿಂತಲ್ಲೇ ನಿಲ್ಲುವುದೆಂತು? 'ಅ³ + 1' ಎಂಬುದಕ್ಕೆ ಪೂರ್ಣಾಂಕ ಸ್ಥಿರಬಿಂದು ಇಲ್ಲವೇ ಇಲ್ಲ. ಅನಂತ ಸಂಖ್ಯೆಗಳ ಪ್ರಶ್ನೆ ಮೂರು ಶೇಷಗಳಲ್ಲಿ ಮುಗಿಯಿತು!

ಇನ್ನು ಎಣಿಕೆಗೆ ಬರೋಣ. ಕೂಡಿಸುವ ಸಂಖ್ಯೆ 3ರ ಅಪವರ್ತ್ಯವಾದರೆ 0, 1, 2 ಎಂಬ ಮೂರು ಶೇಷಗಳೂ ಸ್ಥಿರ. ಅಲ್ಲವಾದರೆ ಒಂದೂ ಸ್ಥಿರವಲ್ಲ. ಒಂದು ಅಥವಾ ಎರಡು ಎಂಬ ಉತ್ತರಕ್ಕೆ ಅವಕಾಶವೇ ಇಲ್ಲ. ಇದು 3ಕ್ಕೆ ಮಾತ್ರ ಸಲ್ಲುವ ಮಾತಲ್ಲ. ಯಾವ ಅವಿಭಾಜ್ಯ ಸಂಖ್ಯೆಯನ್ನು ಘಾತವಾಗಿ ತೆಗೆದುಕೊಂಡು ಅದರಿಂದಲೇ ಭಾಗಿಸಿದರೂ ಶೇಷ ಬದಲಾಗದೆಂದು ಫ್ರಾನ್ಸಿನ ಪಿಯರ್ ಡಿ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ತಿಳಿಸಿದನು. ಸಾಧನೆಯನ್ನು ಮಾತ್ರ ಬರೆಯಲಿಲ್ಲ. ಅದನ್ನು 18ನೆಯ ಶತಮಾನದಲ್ಲಿ ಆಯ್ಲರನು ಪ್ರಕಟಿಸಿದನು. ಆದ್ದರಿಂದ ಘಾತ 7 ಆದರೆ 7ರಿಂದ ಭಾಗಿಸಿದಾಗಿನ ಸ್ಥಿರಶೇಷಗಳು ಏಳು, ಇಲ್ಲವೆ ಸೊನ್ನೆ.

ಆದರೆ ಶೇಷಗಳು 'ಇಲ್ಲ' ಎಂದಾಗ ನಂಬಬಹುದೇ ಹೊರತು 'ಉಂಟು' ಎಂದಾಗ ಆತುರಪಡಬಾರದು. 'ಅ³ + 12' ಎಂಬುದರಲ್ಲಿ 3ರಿಂದ ಭಾಗಿಸಿದರೆ ಮೂರು ಶೇಷಗಳೂ ಸ್ಥಿರವಾಗಿವೆ. 5ರಿಂದ ಭಾಗಿಸಿ ನೋಡಿದರೆ ಚಿತ್ರವೇ ಬೇರೆ. 0 ಎಂಬ ಶೇಷ 2ಕ್ಕೆ ಹೋಗುತ್ತದೆ, 2 ಮರಳಿ 0ಗೆ. 1 ಎಂಬುದು 3ಕ್ಕೆ, 3 ಎಂಬುದು 4ಕ್ಕೆ, 4 ಮತ್ತೆ 1ಕ್ಕೆ. ಐದರಲ್ಲಿ ಒಂದೂ ತನ್ನ ನೆಲೆಯಲ್ಲಿ ಉಳಿಯುವುದಿಲ್ಲ.