ತಹಶೀಲ್ದಾರರ ಹಗಲು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೋಡಲು ಹೋದವರು ಮೊದಲು ಬೆರಗಾಗುವುದು ಅದರ ಜಲವಿಸ್ತಾರಕ್ಕೆ; ನನಗಾದರೋ ಅದಕ್ಕಿಂತ ಮಿಗಿಲಾದ ವಿಸ್ಮಯವನ್ನುಂಟುಮಾಡಿದ್ದು ಅದರ ಏರಿಯ ಕಿರಿದಳತೆ. ಹರಿದ್ರಾ ಹಳ್ಳವು ಗುಡ್ಡಗಳ ನಡುವೆ ನುಸುಳಿ ತುಂಗಭದ್ರೆಯ ಕಡೆಗೆ ಓಡುತ್ತಿದ್ದ ಇಕ್ಕಟ್ಟಾದ ಕಣಿವೆಯೊಂದನ್ನು ಗುರುತಿಸಿ, ಅಲ್ಲಿಯೇ, ಅಷ್ಟೇ ಅಗಲಕ್ಕೆ ಅಡ್ಡಗಟ್ಟಿದ ಪೂರ್ವಿಕರು ಮೈಲಿಗಟ್ಟಲೆ ಹರಡುವ ಜಲರಾಶಿಯನ್ನು ಹಿಡಿದು ನಿಲ್ಲಿಸಿ, ಸಿದ್ಧ, ಬಸವ ಎಂಬ ಎರಡು ತೂಬುಗಳ ಮೂಲಕ ಗದ್ದೆಗಳಿಗೆ ಹರಿಸಿದರು. ತಾಲ್ಲೂಕು ಕಛೇರಿಯ ಮುಖ್ಯಸ್ಥರು ಹೊತ್ತು ಸಾಲದೆಂದು ಕೊರಗುವುದನ್ನು ಕೇಳಿದಾಗಲೆಲ್ಲ ನನಗೆ ಈ ಏರಿಯ ನೆನಪಾಗುತ್ತದೆ.

ತಹಶೀಲ್ದಾರರ ಹುದ್ದೆಯ ಭಾರ ಸಾಮಾನ್ಯವಾದುದಲ್ಲ. ಕಂದಾಯ, ಪಹಣಿಯ ತಕರಾರು, ಪೋಡಿ, ಖಾತೆ ಬದಲಾವಣೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಚುನಾವಣೆ, ಇವುಗಳ ಮೇಲೆ ತಾಲ್ಲೂಕು ದಂಡಾಧಿಕಾರಿಯ ಹೊಣೆ. ಮುಂಗಾರಿನಲ್ಲಿ ಹೊನ್ನಾಳಿಯವರಿಗೆ ಉಕ್ಕುವ ತುಂಗಭದ್ರೆಯ ಚಿಂತೆಯಾದರೆ, ಜಗಳೂರಿನವರಿಗೆ ಬಾರದ ಮಳೆಯ ಚಿಂತೆ, ಟ್ಯಾಂಕರ್ ನೀರಿನ ಲೆಕ್ಕ, ಬೆಳೆಹಾನಿಯ ಸಮೀಕ್ಷೆ. 2018ರಲ್ಲಿ ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಾದಾಗ ಊರುಗಳೇನೋ ಹಂಚಿಹೋದವು. ಮೇಲಿನಿಂದ ಬರುವ ಸುತ್ತೋಲೆಗಳೂ ವೀಡಿಯೋ ಸಭೆಗಳೂ ಮಾತ್ರ ಎರಡು ಕಛೇರಿಗಳಿಗೂ ಇಡಿಯಾಗಿಯೇ ಬಂದವು.

ಇಷ್ಟಾದರೂ ಅಧಿಕಾರಿಯನ್ನು ಬಳಲಿಸುವುದು ಕೆಲಸದ ಮೊತ್ತವೊಂದೇ ಅಲ್ಲ. ತಕರಾರಿನ ಕಡತವೊಂದನ್ನು ಬಿಚ್ಚಿ, ಅಣ್ಣತಮ್ಮಂದಿರ ಪಾಲಿನ ಗೆರೆ ಎಲ್ಲಿ ಹಾದುಹೋಗಿದೆಯೆಂದು ನಕ್ಷೆಯ ಮೇಲೆ ಬೆರಳಿಟ್ಟ ಕ್ಷಣದಲ್ಲಿಯೇ ಮೊಬೈಲು ಮೊಳಗಿ, ಎರಡು ನಿಮಿಷ ಮಾತನಾಡಿ ಹಿಂತಿರುಗುವಷ್ಟರಲ್ಲಿ ಬೆರಳು ಅಲ್ಲಿಯೇ ಇರುತ್ತದೆ, ಬುದ್ಧಿ ಇರುವುದಿಲ್ಲ. ಬಿಟ್ಟುಬಂದ ಕೆಲಸದ ಒಂದಂಶ ಮನಸ್ಸಿನಲ್ಲಿಯೇ ಉಳಿದು ಮುಂದಿನ ಕೆಲಸವನ್ನು ಮಂಕಾಗಿಸುವುದನ್ನು ಸೋಫಿ ಲೆರಾಯ್ ಎಂಬ ವಿದುಷಿ 2009ರಲ್ಲಿ ಪ್ರಯೋಗಗಳಿಂದ ತೋರಿಸಿ, ಅದನ್ನು ಅವಧಾನದ ಶೇಷವೆಂಬ ಅರ್ಥದ ಹೆಸರಿನಿಂದ ಕರೆದರು. ನಮ್ಮ ಅಷ್ಟಾವಧಾನಿಗಳು ಇದಕ್ಕೆ ಅಪವಾದವೆಂದು ಯಾರಾದರೂ ವಾದಿಸಬಹುದು. ಆದರೆ ಅವಧಾನದಲ್ಲಿ ಅಡ್ಡಿಪಡಿಸುವುದಕ್ಕೆಂದೇ ಒಬ್ಬ ಪೃಚ್ಛಕನನ್ನು ನೇಮಿಸಿ, ಅವನನ್ನು ಅಪ್ರಸ್ತುತ ಪ್ರಸಂಗಿ ಎಂದು ಕರೆಯುತ್ತಾರೆ. ಕಛೇರಿಯಲ್ಲಿ ಆ ಪಾತ್ರವನ್ನು ವಹಿಸದವರೇ ವಿರಳ.

ಹಳೆಯ ಕಛೇರಿಯ ಕ್ರಮದಲ್ಲಿ ದೋಷಗಳು ಬೇಕಾದಷ್ಟಿದ್ದುವು. ಅಲ್ಲಿನ ವಿಳಂಬವನ್ನು ನಾನು ಹೊಗಳಲಾರೆ. ಆದರೂ ಟಪಾಲಿಗೆ ಒಂದು ಹೊತ್ತು, ವಿಚಾರಣೆಗೆ ಒಂದು ದಿನ, ಮೊಕ್ಕಾಮಿಗೆ ಒಂದು ವಾರ, ಜಮಾಬಂದಿಗೆ ವರ್ಷಕ್ಕೊಂದು ಕಾಲ ಎಂಬ ವ್ಯವಸ್ಥೆಯು ಅಮಲ್ದಾರನ ಚಿತ್ತಕ್ಕೆ ತಾನಾಗಿಯೇ ಏರಿ ಕಟ್ಟಿಕೊಡುತ್ತಿತ್ತು. ಮೈಸೂರು ಸಂಸ್ಥಾನದ ಆಡಳಿತದಲ್ಲಿ ಹೊಣೆಯ ಹುದ್ದೆಗಳನ್ನು ನಿರ್ವಹಿಸುತ್ತಲೇ ಮಾಸ್ತಿಯವರು ಅಷ್ಟೊಂದು ಕಥೆಗಳನ್ನು ಬರೆದರೆಂಬುದನ್ನು ಇಲ್ಲಿ ನೆನೆಯಬಹುದು. ಇಂದು ಆ ಏರಿಯನ್ನು ಅಧಿಕಾರಿಯೇ ಕಟ್ಟಿಕೊಳ್ಳಬೇಕಾಗಿದೆ. ದಿನವಿಡೀ ಬಾಗಿಲು ಮುಚ್ಚುವುದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ಬೆಳಗಿನ ಒಂದು ಗಂಟೆಯನ್ನು ಕಠಿಣವಾದ ಆದೇಶಗಳ ಬರೆವಣಿಗೆಗೆ ಮೀಸಲಿಟ್ಟು, ಆ ಹೊತ್ತಿನಲ್ಲಿ ದೂರವಾಣಿಯನ್ನು ಶಿರಸ್ತೇದಾರರ ಕೈಗೆ ಕೊಟ್ಟು, ನೆರೆಯೋ ಬೆಂಕಿಯೋ ಸಂಭವಿಸಿದರೆ ಮಾತ್ರ ಕರೆಯತಕ್ಕದ್ದೆಂದು ವಿಧಿಸಿದರೆ ಸಾಕು. ಉಳಿದ ಕರೆಗಳಿಗೆ ಮಧ್ಯಾಹ್ನವೊಂದು ತೂಬು, ಸಂಜೆಯೊಂದು ತೂಬು.

ಕರ್ನಾಟಕದಲ್ಲಿ 2012ರ ಏಪ್ರಿಲ್ 2ರಿಂದ ರಾಜ್ಯವ್ಯಾಪಿಯಾಗಿ ಜಾರಿಗೆ ಬಂದ 'ಸಕಾಲ' ವ್ಯವಸ್ಥೆಯು ಕಾಲವನ್ನು ಎದುರುದಿಕ್ಕಿನಿಂದ ಅಳೆಯಿತು: ನಿಗದಿಯಾದ ದಿನಗಳೊಳಗೆ ಕೆಲಸವಾಗದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರ. ಮೊತ್ತ ಅಲ್ಪವೇ, ಆದರೆ ಕಾಯುವವನ ದಿನಕ್ಕೂ ಬೆಲೆಯುಂಟೆಂದು ಸರಕಾರ ಬರೆದುಕೊಟ್ಟ ಮೇಲೆ, ಅಧಿಕಾರಿಯ ಹೊತ್ತು ಅವರೊಬ್ಬರದಾಗಿ ಉಳಿಯಲಿಲ್ಲ. ಜಗಳೂರಿನ ಕಛೇರಿಯ ಬೆಂಚಿನ ಮೇಲೆ ರಸೀದಿ ಹಿಡಿದು ಕುಳಿತ ರೈತನು ಒಂದು ದಿನದ ಕೂಲಿಯನ್ನು ಬಿಟ್ಟು ಬಂದಿರುತ್ತಾನೆ. ಅವನ ಊರಿಗೆ ಸಂಜೆಯ ಬಸ್ಸು ಒಂದೇ.