ರೋಧಕಗಳ ಲೆಕ್ಕವೂ ಗಣಕಯಂತ್ರವೂ

ಗಣಕಯಂತ್ರದ ತೆರೆಯ ಮೇಲೆ ವಿದ್ಯುನ್ಮಂಡಲವನ್ನು ರಚಿಸಿದರೆ, ಎಲ್ಲಿ ಎಷ್ಟು ವೋಲ್ಟು, ಎಷ್ಟು ಪ್ರವಾಹ ಎಂಬುದನ್ನು ಕ್ಷಣಮಾತ್ರದಲ್ಲಿ ತಿಳಿಸುವ ತಂತ್ರಾಂಶಗಳು ಈಗ ನಮ್ಮ ಮಕ್ಕಳ ಕೈಗೆ ಬಂದಿವೆ. ಇವುಗಳಲ್ಲಿ ಅನೇಕಕ್ಕೆ ಮೂಲವಾದ ‘ಸ್ಪೈಸ್’ ಎಂಬುದು 1970ರ ದಶಕದ ಆರಂಭದಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಅದೇ ವಂಶದ ‘ಎನ್‌ಜಿಸ್ಪೈಸ್’ ಅನ್ನು ಒಳಗೊಂಡ ‘ಈಸಿಮ್’ ಎಂಬುದನ್ನು ಮುಂಬಯಿಯ ಐಐಟಿಯವರು ಬೆಲೆಯಿಲ್ಲದೆ ಕೊಡುತ್ತಾರೆ. ಆದುದರಿಂದ ಬಡವರ ಮನೆಯ ಹುಡುಗನೂ ಇದನ್ನು ಕಲಿಯಬಹುದು. ಹೇಗೆ ಕಲಿಯತಕ್ಕದ್ದು ಎಂಬುದನ್ನೇ ನಾವಿಲ್ಲಿ ವಿಚಾರಿಸುವೆವು.

9 ವೋಲ್ಟಿನ ಬ್ಯಾಟರಿಗೆ ಒಂದು ಸಾವಿರ ಓಮಿನದೊಂದು, ಎರಡು ಸಾವಿರ ಓಮಿನದೊಂದು, ಹೀಗೆ ಎರಡು ರೋಧಕಗಳನ್ನು (ಅಂಗಡಿಯವರ ಮಾತಿನಲ್ಲಿ ರೆಸಿಸ್ಟರುಗಳನ್ನು) ಒಂದರ ಹಿಂದೊಂದರಂತೆ ಜೋಡಿಸಿದೆವೆನ್ನೋಣ. ಜರ್ಮನಿಯ ಓಮ್ ಪಂಡಿತನು 1827ರಲ್ಲಿ ಪ್ರಕಟಿಸಿದ ನಿಯಮದಂತೆ ಪ್ರವಾಹವು 3 ಮಿಲಿಆಂಪಿಯರು. ದೊಡ್ಡ ರೋಧಕದ ಪಾಲಿಗೆ 6 ವೋಲ್ಟು, ಚಿಕ್ಕದಕ್ಕೆ 3. ಇಷ್ಟನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಅನಂತರವೇ ಯಂತ್ರವನ್ನು ಕೇಳಬೇಕು. ಈಗ ದೊಡ್ಡ ರೋಧಕಕ್ಕೆ ಅಷ್ಟೇ ಬೆಲೆಯ ಇನ್ನೊಂದನ್ನು ಸಮಾಂತರವಾಗಿ ಸೇರಿಸಿದರೆ ಏನಾದೀತು? ಆರು ವೋಲ್ಟು ಹಾಗೆಯೇ ಉಳಿಯುವುದೆಂದು ಎಳೆಯರಿಗೆ ತೋರುವುದು ಸಹಜ. ಆದರೆ ಆ ಎರಡೂ ಕೂಡಿ ಒಂದು ಸಾವಿರ ಓಮಾಗುವುದರಿಂದ ಅಲ್ಲಿ ಉಳಿಯುವುದು 4.5 ವೋಲ್ಟು ಮಾತ್ರ. ಮೊದಲೇ ಊಹಿಸಿದ್ದವನು ಈ ಅಂಕಿಯನ್ನು ಕಂಡು ಬೆಚ್ಚಿ, ಕಾರಣವನ್ನು ಹುಡುಕುವನು.

ಸ್ಪೈಸಿಗೆ ಮಂಡಲವನ್ನು ಬರೆದು ತಿಳಿಸುವ ಕ್ರಮವು ನಮಗೆ ಬಹಳ ಹಿಡಿಸಿತು. ರೋಧಕದ ಹೆಸರು, ಅದರ ಎರಡು ತುದಿಗಳು ಸೇರುವ ಸಂಧಿಗಳ ಸಂಖ್ಯೆ, ಅದರ ಬೆಲೆ, ಇಷ್ಟೇ ಒಂದು ಸಾಲು. ವ್ಯಾಕರಣ ಓದಿದವರಿಗೆ ಸೂತ್ರಗಳ ನೆನಪಾಗದಿರದು. ಯಾವುದಾದರೊಂದು ಸಂಧಿಗೆ ಸೊನ್ನೆಯೆಂಬ ಹೆಸರು ಇರಲೇಬೇಕು. ಉಳಿದ ಸಂಧಿಗಳ ವೋಲ್ಟನ್ನೆಲ್ಲ ಅಲ್ಲಿಂದಲೇ ಅಳೆಯುವುದು.

ಸೂತ್ರದಲ್ಲಿ ಒಂದಕ್ಷರ ತಪ್ಪಿದರೆ ಅರ್ಥವೇ ಕೆಡುವುದಷ್ಟೆ. ಇಲ್ಲಿಯೂ ಹಾಗೆಯೇ. ಹತ್ತು ಲಕ್ಷ ಓಮನ್ನು ಎಲ್ಲರೂ 1 ‘ಎಂ’ ಎಂದು ಬರೆಯುವುದು ವಾಡಿಕೆ. ಸ್ಪೈಸಿನಲ್ಲಾದರೋ ‘ಎಂ’ ಅಕ್ಷರವು ದೊಡ್ಡದಿರಲಿ ಚಿಕ್ಕದಿರಲಿ, ಸಾವಿರದಲ್ಲೊಂದು ಭಾಗವೆಂದೇ ಅರ್ಥ. ಹತ್ತು ಲಕ್ಷಕ್ಕೆ ‘ಮೆಗ್’ ಎಂದು ಬರೆಯಬೇಕು. ಇದನ್ನರಿಯದೆ ಆ ರೋಧಕವನ್ನು 9 ವೋಲ್ಟಿಗೆ ಜೋಡಿಸಿದರೆ, ಒಂದು ಆಂಪಿಯರಿನ ಲಕ್ಷದಲ್ಲೊಂದು ಭಾಗವೂ ಇರಬಾರದ ಪ್ರವಾಹವನ್ನು ಯಂತ್ರವು 9000 ಆಂಪಿಯರೆಂದು ನಿಸ್ಸಂಕೋಚವಾಗಿ ಹೇಳುವುದು! ಅದಕ್ಕೆ ನಾಚಿಕೆಯಿಲ್ಲ. ಹುಡುಗನು ಆ ಅಂಕಿಯನ್ನು ಹಾಗೆಯೇ ಪುಸ್ತಕಕ್ಕೆ ಇಳಿಸಿಕೊಂಡನೋ, ಓದೆಲ್ಲ ವ್ಯರ್ಥ. ವಿದ್ಯುಚ್ಛಾಸ್ತ್ರವನ್ನರಿಯದ ತಾಯಿತಂದೆಗಳೂ ಪಕ್ಕದಲ್ಲಿ ಕುಳಿತು, “ಎಷ್ಟು ಬರಬೇಕಪ್ಪ? ಮೊದಲು ಹೇಳು” ಎಂದು ಕೇಳಬಹುದು.

ಬೆಂಕಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 100 ಓಮಿನ ರೋಧಕಕ್ಕೆ 12 ವೋಲ್ಟು ಕೊಟ್ಟರೆ 120 ಮಿಲಿಆಂಪಿಯರೆಂದು ಯಂತ್ರವು ಸರಿಯಾಗಿಯೇ ಹೇಳುವುದು. ಆದರೆ ಅಲ್ಲಿ ಹುಟ್ಟುವ ಶಾಖವು 1.44 ವಾಟು, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಕ್ಕುವ ಚಿಕ್ಕ ರೋಧಕವು ತಾಳುವುದು ಕಾಲು ವಾಟು. ತೆರೆಯ ಮೇಲಿನ ರೋಧಕಕ್ಕೆ ಏನೂ ಆಗದು. ಮೇಜಿನ ಮೇಲಿರುವುದು ಹೊಗೆಯಾಡುವುದು, ಮುಟ್ಟಿದ ಬೆರಳು ಬೊಬ್ಬೆಯೇಳುವುದು.